ಅಪ್ಪನ ಹೆಸರು ಬಿಟ್ಟು, ಊರ ಹೆಸರು ಬಿಟ್ಟು

ಆರ್.ಟಿ. ನಗರದ ಮುಖ್ಯರಸ್ತೆಯ ಹಿಂಬದಿಯಲ್ಲಿ ಒಂದು ಜೆರಾಕ್ಸ್ ಅಂಗಡಿಯಿದೆ. ನೆರಳಚ್ಚು, ಲ್ಯಾಮಿನೇಷನ್, ಪಾಸ್‌ಪೋರ್ಟ್ ಅಳತೆಯ ಫೋಟೋ, ಬಾಡಿಗೆ ಕರಾರುಪತ್ರದ ಟೈಪಿಂಗ್ ಎಲ್ಲವೂ ಅಲ್ಲಿ ಆಗುತ್ತದೆ. ಒಂದು ಸಂಜೆ ನನ್ನ ಕಾಗದಗಳ ಸರದಿಗಾಗಿ ಕಾಯುತ್ತ ನಿಂತಿದ್ದಾಗ ಇಪ್ಪತ್ತೆರಡು ಇಪ್ಪತ್ಮೂರರ ಹುಡುಗನೊಬ್ಬ ಬಂದು ತನ್ನ ರೆಸ್ಯೂಮೆ ಟೈಪ್ ಮಾಡಿಸಬೇಕೆಂದ. ಅಂಗಡಿಯವರು ಕಂಪ್ಯೂಟರಿನಿಂದ ತಲೆಯೆತ್ತದೆ ಕೇಳಿದ್ದು ಒಂದೇ ಪ್ರಶ್ನೆ: ‘ಯಾವ ದೇಶಕ್ಕೆ?’

‘ದುಬೈಗೂ ಹಾಕ್ತೀನಿ, ಕೆನಡಾಕ್ಕೂ ಹಾಕ್ತೀನಿ ಅಂಕಲ್.’

‘ಹಾಗಾದ್ರೆ ಎರಡು ಮಾಡ್ಬೇಕಪ್ಪ. ದುಬೈದಕ್ಕೆ ಫೋಟೋ ಹಾಕ್ಬೇಕು, ಪಾಸ್‌ಪೋರ್ಟ್ ವಿವರ ಹಾಕ್ಬೇಕು. ಕೆನಡಾದಕ್ಕೆ ಫೋಟೋ ಇರಬಾರ್ದು, ವಯಸ್ಸು ಬೇಡ, ಅಪ್ಪನ ಹೆಸರೂ ಬೇಡ.’

‘ಅಪ್ಪನ ಹೆಸರೂ ಬೇಡ್ವಾ?’ ಹುಡುಗನ ದನಿಯಲ್ಲಿ ಸ್ವಲ್ಪ ಗಾಬರಿಯೇ ಇತ್ತು.

ಆ ಗಾಬರಿ ಸಹಜ. ನಮ್ಮಲ್ಲಿ ಶಾಲೆಗೆ ಸೇರುವ ಅರ್ಜಿಯಿಂದ ಹಿಡಿದು ಜಮೀನಿನ ಪಹಣಿಯವರೆಗೆ ತಂದೆಯ ಹೆಸರಿಲ್ಲದ ಕಾಗದವೇ ಅಪರೂಪ. ಕಂದಾಯ ಇಲಾಖೆಯ ದಾಖಲೆಗಳಲ್ಲಿ ಇವತ್ತಿಗೂ ಇಂಥವರ ಮಗ ಎನ್ನುವುದಕ್ಕೆ ‘ಬಿನ್’ ಎಂದೇ ಬರೆಯುತ್ತಾರೆ. ಅದು ಅರಬ್ಬೀ ಪದ, ನಮ್ಮ ಶಾನುಭೋಗರ ಲೆಕ್ಕದ ಕಡತಗಳಲ್ಲಿ ಬೇರೂರಿ ಕನ್ನಡವೇ ಆಗಿಹೋಗಿದೆ. ಹುಡುಗ ಕೈಯಲ್ಲಿ ಹಿಡಿದಿದ್ದ ಹಳೆಯ ಬಯೋಡೇಟಾ ಕಣ್ಣಿಗೆ ಬಿತ್ತು. ಹೆಸರು, ತಂದೆಯ ಹೆಸರು, ಜನ್ಮದಿನಾಂಕ, ಲಿಂಗ, ಧರ್ಮ, ಅವಿವಾಹಿತ, ಖಾಯಂ ವಿಳಾಸ, ಬಲ್ಲ ಭಾಷೆಗಳು, ಹವ್ಯಾಸಗಳು. ಕೊನೆಯಲ್ಲಿ ಮೇಲಿನ ವಿವರಗಳೆಲ್ಲ ತನಗೆ ತಿಳಿದ ಮಟ್ಟಿಗೆ ಸತ್ಯವೆಂಬ ಘೋಷಣೆ, ಸ್ಥಳ, ದಿನಾಂಕ, ರುಜು. ಅವನಿಗೆ ಯಾವ ಕೆಲಸ ಬರುತ್ತದೆ ಎಂಬುದು ಇವುಗಳ ನಡುವೆ ಎಲ್ಲೋ ಎರಡು ಸಾಲಿನಲ್ಲಿ ಮುದುಡಿ ಕೂತಿತ್ತು.

ಇದನ್ನು ನೋಡಿ ನಗುವವರಿದ್ದಾರೆ. ನಗುವುದಕ್ಕೆ ಮುಂಚೆ, ಈ ಕಾಗದಕ್ಕೆ ಈ ರೂಪ ಹೇಗೆ ಬಂತು, ಆ ದೇಶದ ಕಾಗದಕ್ಕೆ ಆ ರೂಪ ಹೇಗೆ ಬಂತು ಎಂದು ವಿಚಾರಿಸುವುದು ಒಳ್ಳೆಯದು. ಎರಡರ ಹಿಂದೆಯೂ ಇತಿಹಾಸವಿದೆ. ಯಾವುದನ್ನು ಬಿಡಬಹುದು, ಯಾವುದನ್ನು ಬದಲಿಸಬಹುದು, ಯಾವುದನ್ನು ಮುಟ್ಟಲೇಬಾರದು ಎಂಬುದು ಆಗ ಸ್ಪಷ್ಟವಾಗುತ್ತದೆ.

ಹೊರನಾಡಿನ ಕೆಲಸಕ್ಕಾಗಿ ತನ್ನ ವಿವರವನ್ನು ತಿದ್ದಿ ಬರೆದವರ ಮಾತು ಬಂದಾಗಲೆಲ್ಲ ಲಿಯೊನಾರ್ಡೊ ಡ ವಿಂಚಿಯ ಹೆಸರು ಹೇಳುವುದು ವಾಡಿಕೆ. ಜಗತ್ತಿನ ಮೊದಲ ರೆಸ್ಯೂಮೆ ಅವನದೇ ಎನ್ನುವುದು ಉತ್ಪ್ರೇಕ್ಷೆ, ಆದರೆ ಕಥೆ ಚೆನ್ನಾಗಿದೆ. 1482ರ ಸುಮಾರಿನಲ್ಲಿ ಅವನು ಫ್ಲಾರೆನ್ಸ್ ಬಿಟ್ಟು ಮಿಲಾನಿಗೆ ಹೊರಟ. ಆಗ ಅವೆರಡೂ ಬೇರೆ ಬೇರೆ ರಾಜ್ಯಗಳು. ಮಿಲಾನಿನ ಅಧಿಪತಿ ಲುದೊವಿಕೊ ಸ್ಫೋರ್ಜಾನಿಗೆ ಬರೆದ ಪತ್ರದ ಕರಡು ಉಳಿದಿದೆ. ಫ್ಲಾರೆನ್ಸಿನಲ್ಲಿ ಚಿತ್ರಕಾರನೆಂದು ಹೆಸರಾಗಿದ್ದವನು ಆ ಪತ್ರದಲ್ಲಿ ಮೊದಲು ಹೇಳಿಕೊಂಡದ್ದು ಹಗುರವಾದ ಸೇತುವೆ ಕಟ್ಟುವುದು, ಮುತ್ತಿಗೆ ಹಾಕಿದ ಕೋಟೆಯ ಕಂದಕದ ನೀರು ಇಳಿಸುವುದು, ಫಿರಂಗಿ ಮಾಡುವುದು, ಇಂಥವನ್ನು. ಚಿತ್ರ ಬರೆಯಬಲ್ಲೆ ಎಂಬ ಮಾತು ಬರುವುದು ಕೊನೆಯಲ್ಲಿ. ಮಿಲಾನಿಗೆ ಯುದ್ಧದ ಭಯವಿತ್ತು, ಆದ್ದರಿಂದ ಆ ಕ್ರಮ. ಇವುಗಳಲ್ಲಿ ಯಾವುದಾದರೂ ಅಸಾಧ್ಯವೆನಿಸಿದರೆ ತಮ್ಮ ಉದ್ಯಾನದಲ್ಲೇ ಮಾಡಿ ತೋರಿಸುವೆ ಎಂದೂ ಅವನು ಬರೆದಿದ್ದ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಜಾಲಹಳ್ಳಿಯಲ್ಲಿ ಅದು ಮತ್ತೆ ಬರುತ್ತದೆ.

ಚೀಟಿಯಿಂದ ಘೋಷಣೆಯವರೆಗೆ

ನಮ್ಮ ಬಯೋಡೇಟಾದ ಪೂರ್ವಜರಲ್ಲಿ ಒಬ್ಬ ‘ಚಿಟ್’. ಇಂಗ್ಲಿಷಿಗೆ ಈ ಪದ ಹೋದದ್ದು ಭಾರತದಿಂದ, ನಮ್ಮ ‘ಚೀಟಿ’ಯೂ ಅದೇ ಮನೆತನದ್ದು. 1809ರಲ್ಲಿ ಬೆಂಗಳೂರಿನಲ್ಲಿ ದಂಡು ಬಂದು ನೆಲೆಸಿದ ಮೇಲೆ ಬಟ್ಲರ್, ಅಡುಗೆಯವ, ಕುದುರೆಯವ, ಆಯಾ ಎಂದು ನೂರಾರು ಕೆಲಸಗಳು ಹುಟ್ಟಿದವು. ಒಬ್ಬ ದೊರೆ ವರ್ಗವಾಗಿ ಹೋಗುವಾಗ ಸೇವಕನಿಗೆ ‘ಇವನು ಪ್ರಾಮಾಣಿಕ, ಕುಡಿಯುವುದಿಲ್ಲ’ ಎಂಬರ್ಥದ ಒಂದು ಚಿಟ್ ಬರೆದುಕೊಡುತ್ತಿದ್ದ. ಮುಂದಿನ ದೊರೆಯ ಬಂಗಲೆಯ ಮುಂದೆ ಅವನು ಆ ಚಿಟ್‌ಗಳ ಕಟ್ಟನ್ನು ಹಿಡಿದು ನಿಲ್ಲುತ್ತಿದ್ದ. ಹಲವರಿಗೆ ಅದರಲ್ಲಿ ಏನು ಬರೆದಿದೆ ಎಂದು ಓದಲು ಬರುತ್ತಿರಲಿಲ್ಲ. ಒಬ್ಬರ ಚಿಟ್ ಇನ್ನೊಬ್ಬರು ಕೊಂಡು ತೋರಿಸುವುದೂ ನಡೆಯುತ್ತಿತ್ತು. ಅಂದರೆ ಕೆಲಸಗಾರನ ಮಾತಿಗೆ ಬೆಲೆಯಿಲ್ಲ, ಅವನ ಬಗ್ಗೆ ಮೇಲಿನವರು ಬರೆದದ್ದಕ್ಕೆ ಬೆಲೆ. ಗುಣನಡತೆ ಪ್ರಮಾಣಪತ್ರ, ಗೆಜೆಟೆಡ್ ಅಧಿಕಾರಿಯ ದೃಢೀಕರಣ ಇವೆಲ್ಲ ಇದೇ ಮನೋಭಾವದ ಮುಂದಿನ ತಲೆಮಾರುಗಳು. ನಮ್ಮ ಅಂಕಪಟ್ಟಿಯ ನಕಲು ನಿಜವೆಂದು ಗುರುತಿಲ್ಲದ ಅಧಿಕಾರಿಯೊಬ್ಬರಿಂದ ಹಸಿರು ಶಾಯಿಯಲ್ಲಿ ಬರೆಸಿಕೊಳ್ಳಲು ಕಚೇರಿಯ ಬಾಗಿಲಲ್ಲಿ ಕಾದವರು ಈ ಲೇಖನ ಓದುತ್ತಿರುವವರಲ್ಲೇ ಎಷ್ಟೋ ಮಂದಿ ಇರಬಹುದು. 2014ರಲ್ಲಿ ಕೇಂದ್ರ ಸರ್ಕಾರ ಸ್ವಯಂ ದೃಢೀಕರಣ ಸಾಕು ಎಂದು ಹೇಳುವವರೆಗೆ ಅದು ನಡೆದೇ ಇತ್ತು.

ಕೊನೆಯ ಘೋಷಣೆಯಾದರೋ ನ್ಯಾಯಾಲಯದ ಕಡೆಯಿಂದ ಬಂದ ನೆಂಟ. ದಾವೆಯ ಕಾಗದದ ಕೆಳಗೆ ಇದು ನನಗೆ ತಿಳಿದ ಮಟ್ಟಿಗೆ, ನಂಬಿದ ಮಟ್ಟಿಗೆ ನಿಜ ಎಂದು ಬರೆದು ರುಜು ಹಾಕುವ ಕ್ರಮವಿದೆ. ಅದೇ ಮಾತು ಸರ್ಕಾರಿ ಅರ್ಜಿಗೆ ಬಂದು, ಅಲ್ಲಿಂದ ಖಾಸಗಿ ಬಯೋಡೇಟಾಕ್ಕೂ ಇಳಿಯಿತು. ಅಮೆರಿಕದ ಉದ್ಯೋಗದಾತ ಇದನ್ನು ಓದಿದರೆ, ಈತ ಯಾಕೆ ಕೇಳದಿದ್ದರೂ ಪ್ರಮಾಣ ಮಾಡುತ್ತಿದ್ದಾನೆ ಎಂದು ಹುಬ್ಬೇರಿಸಿಯಾನು.

ಇನ್ನು ಜಾತಿ, ಧರ್ಮದ ಕಾಲಂ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಮೈಸೂರು ಸಂಸ್ಥಾನದ ಸರ್ಕಾರಿ ಹುದ್ದೆಗಳಲ್ಲಿ ಒಂದೇ ಜಾತಿಯವರು ತುಂಬಿದ್ದಾರೆಂಬ ದೂರು ಬಲವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಮರುವರ್ಷ ಬಂದ ವರದಿ, ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡರಷ್ಟು ಬ್ರಾಹ್ಮಣೇತರರಿಗೆ ಸಿಗಬೇಕೆಂದಿತು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಇಂಥ ನೀತಿಯೇ ಒಪ್ಪಿಗೆಯಾಗದೆ ಅವರು ವರದಿಗೆ ಮುಂಚೆಯೇ ಹುದ್ದೆ ಬಿಟ್ಟದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಯಾರು ಹಿಂದುಳಿದಿದ್ದಾರೆಂದು ತಿಳಿಯಬೇಕಾದರೆ ಮೊದಲು ಕೇಳಬೇಕು, ಕೇಳಬೇಕಾದರೆ ಅರ್ಜಿಯಲ್ಲಿ ಕಾಲಂ ಬೇಕು. ಹಾಗಾಗಿ ನಮ್ಮ ಅರ್ಜಿಯ ಆ ಕಾಲಮ್ಮಿಗೆ ಮುಜುಗರದ ಮುಖ ಒಂದಿದ್ದರೆ ನ್ಯಾಯದ ಮುಖವೂ ಒಂದಿದೆ.

ಅಮೆರಿಕದಲ್ಲಿ ಇದೇ ನ್ಯಾಯದ ಹಂಬಲ ಎದುರು ದಿಕ್ಕಿಗೆ ಹೋಯಿತು. 1964ರ ನಾಗರಿಕ ಹಕ್ಕುಗಳ ಕಾಯ್ದೆ ಜನಾಂಗ, ಬಣ್ಣ, ಧರ್ಮ, ಲಿಂಗ, ಮೂಲ ದೇಶ ಇವುಗಳ ಆಧಾರದ ಮೇಲೆ ಕೆಲಸ ನಿರಾಕರಿಸುವುದನ್ನು ನಿಷೇಧಿಸಿತು. 1967ರಲ್ಲಿ ವಯಸ್ಸಿನ ಬಗ್ಗೆಯೂ ಕಾನೂನು ಬಂತು. ಆಮೇಲೆ ಕಂಪನಿಗಳಿಗೆ ಒಂದು ಭಯ ಹುಟ್ಟಿತು. ಫೋಟೋ ಇಟ್ಟುಕೊಂಡರೆ, ವಯಸ್ಸು ಕೇಳಿದರೆ, ಮದುವೆಯಾಗಿದೆಯೇ ಎಂದರೆ, ಕೆಲಸ ಸಿಗದವನು ನಾಳೆ ಕೋರ್ಟಿಗೆ ಹೋಗಬಹುದು. ಆದ್ದರಿಂದ ಆ ವಿವರಗಳು ಕಾಗದದಿಂದಲೇ ಮಾಯವಾದವು. ನಾವು ಬರೆದು ಕಳಿಸಿದರೂ ಅವರು ಅದನ್ನು ನೋಡಲು ಇಷ್ಟಪಡುವುದಿಲ್ಲ. ಒಂದೇ ಅನ್ಯಾಯಕ್ಕೆ ಒಂದು ದೇಶ ‘ಹೇಳು’ ಎಂದು ಪರಿಹಾರ ಹುಡುಕಿತು, ಇನ್ನೊಂದು ‘ಹೇಳಬೇಡ’ ಎಂದು ಹುಡುಕಿತು. ಆರ್.ಟಿ. ನಗರದ ಅಂಗಡಿಯಲ್ಲಿ ಅಪ್ಪನ ಹೆಸರು ಅಳಿಸಿದ ಆ ಕ್ಷಣದಲ್ಲಿ ಈ ಎರಡು ಇತಿಹಾಸಗಳು ಎದುರುಬದುರಾದವು ಎಂದರೆ ಹುಡುಗ ನಂಬುತ್ತಿರಲಿಲ್ಲ.

ಜರ್ಮನಿಯದು ಮೂರನೇ ದಾರಿ. ಅಲ್ಲಿ ಫೋಟೋ ಅಂಟಿಸಿ, ದಿನಾಂಕ ಹಾಕಿ, ರುಜು ಮಾಡುವ ಪದ್ಧತಿ ಬಹುಕಾಲ ಗಟ್ಟಿಯಾಗಿತ್ತು. 2006ರ ಸಮಾನತೆ ಕಾಯ್ದೆಯ ನಂತರ ಫೋಟೋ ಕಡ್ಡಾಯವಲ್ಲ, ಆದರೆ ಹಾಕುವವರು ಹಾಕುತ್ತಲೇ ಇದ್ದಾರೆ. ಅಲ್ಲಿಯೂ ಒಂದು ಬಗೆಯ ಚಿಟ್ ಉಂಟು. ಕೆಲಸ ಬಿಡುವ ನೌಕರನಿಗೆ ಲಿಖಿತ ಪ್ರಮಾಣಪತ್ರ ಪಡೆಯುವ ಹಕ್ಕನ್ನು 1900ರಲ್ಲಿ ಜಾರಿಗೆ ಬಂದ ಅವರ ನಾಗರಿಕ ಸಂಹಿತೆಯೇ ಕೊಟ್ಟಿದೆ. ಆ ಪತ್ರ ನಿಜವೂ ಆಗಿರಬೇಕು, ನೌಕರನ ಭವಿಷ್ಯಕ್ಕೆ ಅಡ್ಡಿಯೂ ಆಗಬಾರದು ಎಂದು ನ್ಯಾಯಾಲಯಗಳು ಹೇಳಿದವು. ನಿಜ ಹೇಳಬೇಕು, ಕೆಟ್ಟದ್ದು ಹೇಳಬಾರದು! ಈ ಇಕ್ಕಟ್ಟಿನಿಂದ ಒಂದು ಸಂಕೇತಭಾಷೆಯೇ ಹುಟ್ಟಿತು. ‘ಸದಾ ನಮ್ಮ ಸಂಪೂರ್ಣ ತೃಪ್ತಿಯಾಗುವಂತೆ ಕೆಲಸ ಮಾಡಿದರು’ ಎಂದರೆ ಬಹಳ ಒಳ್ಳೆಯ ಕೆಲಸಗಾರ. ಬರಿದೇ ‘ನಮಗೆ ತೃಪ್ತಿಯಾಗುವಂತೆ’ ಎಂದರೆ ಹೇಗೋ ಪಾಸಾದವನು. ಇದನ್ನು ತಿಳಿಯದ ನಮ್ಮವರು ತಮ್ಮ ಹಳೆಯ ಕಂಪನಿಯಿಂದ ‘ಕೆಲಸ ತೃಪ್ತಿಕರವಾಗಿತ್ತು’ ಎಂದು ಬರೆಸಿಕೊಂಡು ಹೆಮ್ಮೆಯಿಂದ ಜರ್ಮನಿಗೆ ಕಳಿಸಿದರೆ ಏನಾಗುತ್ತದೆಂದು ಊಹಿಸಬಹುದು.

ಹೆಬ್ಬಾಳಕ್ಕೆ ಬಂದವರು, ಹೆಬ್ಬಾಳದಿಂದ ಹೋದವರು

ಬೆಂಗಳೂರಿನ ಉತ್ತರ ಭಾಗದವರಿಗೆ ಹೊರದೇಶದ ನೌಕರಿ ಎಂದರೆ ಈಗ ಒಂದೇ ದಿಕ್ಕು: ಹೆಬ್ಬಾಳದ ಮೇಲ್ಸೇತುವೆ ಹತ್ತಿ ವಿಮಾನ ನಿಲ್ದಾಣದ ಕಡೆಗೆ. ಆದರೆ ನೂರು ವರ್ಷಗಳ ಹಿಂದೆ ಜನ ಎದುರು ದಿಕ್ಕಿನಿಂದಲೂ ಬರುತ್ತಿದ್ದರು. 1899ರಲ್ಲಿ ಹೆಬ್ಬಾಳದ 30 ಎಕರೆಯಲ್ಲಿ ಮೈಸೂರು ಸರ್ಕಾರ ಕೃಷಿ ಪ್ರಯೋಗ ಕ್ಷೇತ್ರ ತೆರೆಯಿತು. ಮೊದಲು ಲೆಹ್ಮನ್ ಎಂಬ ರಸಾಯನ ವಿಜ್ಞಾನಿ ಅದನ್ನು ನೋಡಿಕೊಂಡರು. 1908ರಲ್ಲಿ ಲೆಸ್ಲಿ ಕೋಲ್ಮನ್ ಎಂಬ ಕೀಟ ಮತ್ತು ಶಿಲೀಂಧ್ರ ತಜ್ಞರು ಬಂದರು. ಅವರು ಕೆನಡಾದ ಒಂಟಾರಿಯೊ ಪ್ರಾಂತ್ಯದವರು, ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಓದಿ ಜರ್ಮನಿಯ ಗಾಟಿಂಗನ್‌ನಲ್ಲಿ ಡಾಕ್ಟರೇಟ್ ಪಡೆದವರು.

ಒಂಟಾರಿಯೊದಲ್ಲಿ ಅಡಿಕೆ ಬೆಳೆಯುವುದಿಲ್ಲ. ಆದರೆ ಅವರಿಗೆ ಎದುರಾದ ದೊಡ್ಡ ಕೆಲಸ ಮಲೆನಾಡಿನ ಅಡಿಕೆ ತೋಟಗಳ ಕೊಳೆರೋಗ. ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಹೊಡೆಯುವ ಕ್ರಮವನ್ನು ಅವರು ರೂಢಿಗೆ ತಂದರು. ತೀರ್ಥಹಳ್ಳಿ, ಸಾಗರದ ಕಡೆ ಮಳೆಗಾಲದಲ್ಲಿ ಇವತ್ತಿಗೂ ಕೊನೆಗಾರರು ಮರವೇರಿ ಹೊಡೆಯುವುದು ಅದನ್ನೇ. ಮುಂದೆ ಅವರು ಸಂಸ್ಥಾನದ ಕೃಷಿ ನಿರ್ದೇಶಕರಾದರು, 1934ರಲ್ಲಿ ನಿವೃತ್ತರಾದರು. ಮೈಸೂರು ಸರ್ಕಾರ ಅವರನ್ನು ನೇಮಿಸಿದಾಗ ‘ನಿಮಗೆ ಮೈಸೂರಿನ ಅನುಭವ ಎಷ್ಟು ವರ್ಷ?’ ಎಂಬ ಪ್ರಶ್ನೆಗೆ ಅರ್ಥವೇ ಇರಲಿಲ್ಲ. ಅವರ ವಿದ್ಯೆಯನ್ನು ನೋಡಿದರು, ಉಳಿದದ್ದನ್ನು ಇಲ್ಲಿ ಕಲಿಯಲು ಬಿಟ್ಟರು. ಬಿಳಿಯರಿಗೆ ಆಗ ಬಾಗಿಲು ಸುಲಭವಾಗಿ ತೆರೆಯುತ್ತಿತ್ತು ಎಂಬುದೂ ನಿಜವೇ. ಈ ಒಂಟಾರಿಯೊದ ಮಾತಿಗೆ ಮತ್ತೆ ಬರೋಣ.

ಅದೇ ಹೆಬ್ಬಾಳದಲ್ಲಿ 1946ರಲ್ಲಿ ಕೃಷಿ ಕಾಲೇಜು, 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಆರಂಭವಾದವು. ವಿಶ್ವವಿದ್ಯಾಲಯವನ್ನು ರೂಪಿಸಿದ್ದು ಅಮೆರಿಕದ ಲ್ಯಾಂಡ್ ಗ್ರಾಂಟ್ ವಿಶ್ವವಿದ್ಯಾಲಯಗಳ ಮಾದರಿಯಲ್ಲಿ. ಟೆನೆಸಿ ವಿಶ್ವವಿದ್ಯಾಲಯದ ನೆರವೂ ಇತ್ತು. ಇದರಿಂದ ಆದ ಒಂದು ಉಪಕಾರವನ್ನು ಯಾರೂ ಅಷ್ಟಾಗಿ ಗಮನಿಸಿಲ್ಲ. ಅಮೆರಿಕದ ಪದ್ಧತಿಯ ಗ್ರೇಡ್ ಪಾಯಿಂಟ್ ಇಲ್ಲಿನ ಅಂಕಪಟ್ಟಿಗೆ ಬಂತು, ಪದವಿ ನಾಲ್ಕು ವರ್ಷದ್ದಾಗಿತ್ತು. ಸೆಂಟ್ರಲ್ ಕಾಲೇಜಿನಲ್ಲೋ ಬೇರೆಡೆಯೋ ಮೂರು ವರ್ಷದ ಬಿ.ಎಸ್ಸಿ. ಮಾಡಿದವನ ಪಾಡು ಹಾಗಲ್ಲ. ಅಮೆರಿಕದವರ ಲೆಕ್ಕದಲ್ಲಿ ಪದವಿಯೆಂದರೆ ಶಾಲೆಯ 12, ಕಾಲೇಜಿನ 4, ಒಟ್ಟು 16 ವರ್ಷ. ನಮ್ಮದು 15ಕ್ಕೆ ಮುಗಿಯುತ್ತದೆ. ಅದಕ್ಕಿಂತ ಕಷ್ಟದ್ದು ಅಂಕ. ನಮ್ಮಲ್ಲಿ ನೂರಕ್ಕೆ 65 ಬಂದರೆ ಪ್ರಥಮ ದರ್ಜೆ, ಹಳೆಯ ಕಾಲದಲ್ಲಾದರೆ ಮನೆಯವರು ಸಿಹಿ ಹಂಚುತ್ತಿದ್ದರು. ಅಲ್ಲಿ ಬಹಳಷ್ಟು ಕಡೆ 65 ಎಂದರೆ ‘ಡಿ’ ದರ್ಜೆ, ಅಂಚಿನಲ್ಲಿ ಪಾಸು. ‘65%’ ಎಂದಷ್ಟೇ ಬರೆದರೆ ಹುಡುಗ ತನ್ನ ಮೇಲೆ ತಾನೇ ದೂರು ಕೊಟ್ಟಂತೆ. ‘ಪ್ರಥಮ ದರ್ಜೆ’ ಎಂದು ಬರೆದು, ತರಗತಿಯಲ್ಲಿ ಎಷ್ಟನೆಯವನು ಎಂದು ಸೇರಿಸಿದರೆ ಅದೇ ಸತ್ಯ ಅವರಿಗೆ ಅರ್ಥವಾಗುವ ಮಾತಿನಲ್ಲಿ ಹೋಗುತ್ತದೆ. ಹೀಗೆ ವಿದೇಶದ ಪದವಿಗಳನ್ನು ಅಮೆರಿಕದ ಅಳತೆಗೆ ತೂಗಿ ಹೇಳುವುದಕ್ಕಾಗಿಯೇ ಸಂಸ್ಥೆಗಳು ಹುಟ್ಟಿಕೊಂಡವು. ಅವುಗಳಲ್ಲಿ ಹೆಸರಾದ ವರ್ಲ್ಡ್ ಎಜುಕೇಷನ್ ಸರ್ವಿಸಸ್ ಆರಂಭವಾದದ್ದು 1974ರಲ್ಲಿ.

ಪಿ.ಯು.ಸಿ. ಎಂಬ ಮೂರಕ್ಷರವೂ ಹೀಗೆಯೇ. ಕರ್ನಾಟಕ ದಾಟಿದರೆ ಪುಣೆಯಲ್ಲೇ ವಿವರಿಸಬೇಕಾಗುತ್ತದೆ, ಇನ್ನು ಪರದೇಶದ ಮಾತೇನು. ‘ಪಾಸ್ಡ್ ಔಟ್’ ಎಂದು ನಾವು ಬರೆಯುವುದನ್ನು ಅಲ್ಲಿನವರು ‘ಮೂರ್ಛೆ ಹೋದ’ ಎಂದು ಓದುತ್ತಾರೆ. 4-7-1998 ನಮಗೆ ಜುಲೈ ತಿಂಗಳು, ಅಮೆರಿಕದವರಿಗೆ ಏಪ್ರಿಲ್. ಇವೆಲ್ಲ ಸಣ್ಣ ವಿಷಯ, ಒಂದು ಸಲ ಹೇಳಿಕೊಟ್ಟರೆ ಸಾಕು.

ಜಾಲಹಳ್ಳಿಯ ಕೈಗಳು

ಹೇಳಿಕೊಟ್ಟರೂ ಸುಲಭವಾಗದ್ದು ಕೈಕೆಲಸವನ್ನು ಕಾಗದಕ್ಕೆ ಇಳಿಸುವುದು. ಯಶವಂತಪುರದಾಚೆಯ ಜಾಲಹಳ್ಳಿಯಲ್ಲಿ 1953ರಲ್ಲಿ ಸ್ವಿಟ್ಸರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಿಂದ ಎಚ್‌ಎಂಟಿ, ಮರುವರ್ಷ ಫ್ರಾನ್ಸಿನ ಕಂಪನಿಯ ನೆರವಿನಿಂದ ಬಿಇಎಲ್ ಬಂದವು. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಕೈಗಡಿಯಾರದ ಕಾರ್ಖಾನೆ. ಹತ್ತನೆಯ ತರಗತಿ ಮುಗಿಸಿ ಅಪ್ರೆಂಟಿಸ್ ಆಗಿ ಸೇರಿದ ಹುಡುಗರು ಹತ್ತು ವರ್ಷಗಳಲ್ಲಿ ಕೂದಲೆಳೆಗಿಂತ ಸಣ್ಣ ಅಳತೆಯನ್ನು ಬೆರಳಿನಲ್ಲಿ ಹಿಡಿಯುವ ಕುಶಲಿಗಳಾದರು. ಅವರಲ್ಲಿ ಒಬ್ಬರು ಕಾರ್ಖಾನೆ ಬಿಟ್ಟು ಹೊರಟರೆ ಕೈಯಲ್ಲಿ ಇರುತ್ತಿದ್ದ ಕಾಗದದಲ್ಲಿ ಮಾತ್ರ ಸೇರಿದ ದಿನ, ಬಿಟ್ಟ ದಿನ, ಹುದ್ದೆ, ಗುಣನಡತೆ ಉತ್ತಮ ಎಂಬಷ್ಟೇ ಇರುತ್ತಿತ್ತು. ಯಾವ ಯಂತ್ರ, ಎಷ್ಟು ಮೈಕ್ರಾನಿನ ನಿಖರತೆ, ಎಂಥ ಬಿಡಿಭಾಗ, ನಕ್ಷೆ ಓದಬಲ್ಲನೇ ಎಂಬ, ಹೊರದೇಶದ ಮೇಸ್ತ್ರಿ ಮೊದಲು ಕೇಳುವ ಪ್ರಶ್ನೆಗಳಿಗೆ ಉತ್ತರ ಅಲ್ಲಿಲ್ಲ.

1973ರಲ್ಲಿ ತೈಲದ ಬೆಲೆ ಏರಿ ಕೊಲ್ಲಿ ದೇಶಗಳಲ್ಲಿ ಕೆಲಸಗಳು ಸುರಿದಾಗ ನಮ್ಮ ವೆಲ್ಡರ್, ಫಿಟ್ಟರ್, ಎಲೆಕ್ಟ್ರಿಷಿಯನ್‌ಗಳು ಆ ಕಡೆ ಹೊರಟರು. ಅಲ್ಲಿನವರು ಈ ಕಾಗದಗಳನ್ನು ನಂಬಿ ಕೂರಲಿಲ್ಲ. ಏಜೆಂಟರು ನಮ್ಮ ಊರುಗಳಲ್ಲೇ ‘ಟ್ರೇಡ್ ಟೆಸ್ಟ್’ ಇಟ್ಟರು. ಪೈಪು ಕೊಟ್ಟು ಬೆಸುಗೆ ಹಾಕು ಎಂದರು. ಲಿಯೊನಾರ್ಡೊ ಹೇಳಿದ್ದು ಇದನ್ನೇ ಅಲ್ಲವೇ, ಮಾಡಿ ತೋರಿಸುವೆ ಎಂದು? ಕಾಗದ ಬೇಡವೆಂದಲ್ಲ, ಕಾಗದದ ಕೆಲಸ ಅಲ್ಲಿ ಬೇರೆ. ಪಾಸ್‌ಪೋರ್ಟ್, ವೀಸಾ, ಫೋಟೋ, ರಾಷ್ಟ್ರೀಯತೆ ಎಲ್ಲ ಮೊದಲ ಪುಟದಲ್ಲೇ ಬೇಕು, ಏಕೆಂದರೆ ಕೆಲಸ ಕೊಡುವವನೇ ವೀಸಾದ ಹೊಣೆಗಾರ. ಮೋಸ ಹೋದವರ ಕಥೆಗಳು ಹೆಚ್ಚಾದ ಮೇಲೆ 1983ರಲ್ಲಿ ವಲಸೆ ಕಾಯ್ದೆ ಬಂತು. ಕಡಿಮೆ ಓದಿದವರು ಕೆಲವು ದೇಶಗಳಿಗೆ ನೌಕರಿಗೆ ಹೋಗಬೇಕಾದರೆ ಸರ್ಕಾರದ ಅನುಮತಿ ಬೇಕಾಯಿತು. ಹತ್ತನೆಯ ತರಗತಿ ಪಾಸಾದವರಿಗೆ ಆ ಅನುಮತಿ ಬೇಕಿಲ್ಲ ಎಂಬುದು ನಂತರದ ನಿಯಮ. ಪೆಟ್ಟಿಗೆಯ ತಳದಲ್ಲಿ ಮಡಚಿಟ್ಟ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೀಗೆ ಗಡಿ ದಾಟಿಸುವ ಶಕ್ತಿ ಬಂತು. 2005ರಲ್ಲಿ ಭಾರತ ಹೇಗ್ ಒಪ್ಪಂದಕ್ಕೆ ಸೇರಿದ ಮೇಲೆ ‘ಅಪಾಸ್ಟಿಲ್’ ಎಂಬ ಒಂದೇ ಮೊಹರು ಹಲವು ದೇಶಗಳಲ್ಲಿ ನಡೆಯುತ್ತದೆ. ಕೆಲವು ದೇಶಗಳಿಗೆ ಅಷ್ಟೂ ಸಾಲದು, ರಾಯಭಾರ ಕಚೇರಿಯ ಮೊಹರೂ ಬೇಕು.

ಎಚ್‌ಎಂಟಿ ಕೈಗಡಿಯಾರದ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ಅಲ್ಲಿ ದುಡಿದವರ ನೈಪುಣ್ಯದ ಪಟ್ಟಿ ಯಾವ ಕಡತದಲ್ಲೂ ಪೂರ್ತಿಯಾಗಿ ಇಲ್ಲ.

ಹಿಗ್ಗಿದ ಅನುಭವ

ಸಾಫ್ಟ್‌ವೇರಿನ ಕಾಲಕ್ಕೆ ಸಮಸ್ಯೆ ತಲೆಕೆಳಗಾಯಿತು. ಕೈಗಳಲ್ಲಿ ಇದ್ದದ್ದು ಕಾಗದದಲ್ಲಿ ಇರಲಿಲ್ಲ ಎಂಬುದು ಜಾಲಹಳ್ಳಿಯ ಕಥೆಯಾದರೆ, ಕಾಗದದಲ್ಲಿ ಇದ್ದದ್ದು ಕೈಗಳಲ್ಲಿ ಇರಲಿಲ್ಲ ಎಂಬುದು ಆಮೇಲಿನ ಕಥೆ. ಅಮೆರಿಕದ 1990ರ ವಲಸೆ ಕಾಯ್ದೆ ಎಚ್-1ಬಿ ವೀಸಾಗಳಿಗೆ ವರ್ಷಕ್ಕೆ 65 ಸಾವಿರದ ಮಿತಿ ಹಾಕಿತ್ತು. 2000ನೇ ಇಸವಿಯ ಕಂಪ್ಯೂಟರ್ ದೋಷದ ಭಯ, ಅಂತರಜಾಲದ ಉಬ್ಬರ ಎರಡೂ ಸೇರಿ ಅದು 2001ರಿಂದ ಮೂರು ವರ್ಷ 1 ಲಕ್ಷ 95 ಸಾವಿರಕ್ಕೇರಿತು. ಹುಡುಗರನ್ನು ಕಳಿಸುವ ಮಧ್ಯವರ್ತಿಗಳು ಹುಟ್ಟಿಕೊಂಡರು. ಆರು ತಿಂಗಳ ಕೋರ್ಸ್ ಮಾಡಿದವನ ರೆಸ್ಯೂಮೆಯಲ್ಲಿ ಮೂರು ವರ್ಷದ ಅನುಭವ ತುಂಬುವುದು ಕೆಲವು ಕಡೆ ದಂಧೆಯೇ ಆಯಿತು. ಇದರ ಬೆಲೆ ತೆತ್ತವರು ನಿಜವಾಗಿ ಕೆಲಸ ಬಲ್ಲವರು. ನಮ್ಮ ಕಡೆಯ ಕಾಗದವೆಂದರೆ ಅನುಮಾನದಿಂದ ನೋಡುವುದು ಶುರುವಾಯಿತು, ಹಿನ್ನೆಲೆ ತಪಾಸಣೆ ಎಂಬ ಹೊಸ ವ್ಯವಹಾರ ಬೆಳೆಯಿತು. 2006ರ ಜನವರಿಯಲ್ಲಿ ನಾಸ್ಕಾಮ್ ಉದ್ಯೋಗಿಗಳ ಓದು, ಅನುಭವಗಳನ್ನು ಬೆರಳಚ್ಚಿನ ಸಮೇತ ದಾಖಲಿಸುವ ರಾಷ್ಟ್ರೀಯ ಕೌಶಲ ನೋಂದಣಿಯನ್ನು ಆರಂಭಿಸಿತು. ಚಿಟ್ ಕೊಂಡು ತಂದ ಬಟ್ಲರನ ಕಾಲಕ್ಕೂ ಇದಕ್ಕೂ ನೂರು ವರ್ಷದ ಅಂತರ, ಅನುಮಾನ ಮಾತ್ರ ಅದೇ.

ಕ್ರಮ ಬದಲಿಸುವುದು ಬೇರೆ, ಇಲ್ಲದ್ದನ್ನು ಬರೆಯುವುದು ಬೇರೆ. ಲಿಯೊನಾರ್ಡೊ ಫಿರಂಗಿಯನ್ನು ಮೊದಲು ಬರೆದು ಚಿತ್ರವನ್ನು ಕೊನೆಗಿಟ್ಟದ್ದು ಕ್ರಮದ ಬದಲಾವಣೆ. ಹೆಬ್ಬಾಳದ ಹುಡುಗ 65ನ್ನು ಪ್ರಥಮ ದರ್ಜೆ ಎಂದು ಬರೆಯುವುದು ಅನುವಾದ. ಆರು ತಿಂಗಳು ಮೂರು ವರ್ಷವಾಗುವುದು ಇವೆರಡೂ ಅಲ್ಲ. ಟೈಪ್ ಮಾಡಿಸುವವರಿಗೆ ಈ ಗೆರೆ ಗೊತ್ತಿರುತ್ತದೆ, ಗೊತ್ತಿಲ್ಲವೆಂದು ಹೇಳುವವರಿಗೂ ಗೊತ್ತಿರುತ್ತದೆ.

ಎಲ್ಲವನ್ನೂ ಸರಿಯಾಗಿ ಬರೆದರೂ ಬಾಗಿಲು ತೆರೆಯದಿರುವುದುಂಟು. ಕೋಲ್ಮನ್ನರ ಊರಾದ ಒಂಟಾರಿಯೊದ ಮಾತು ಇಲ್ಲಿ ಬರುತ್ತದೆ. ಅವರು ಓದಿದ ಅದೇ ಟೊರಾಂಟೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಫಿಲಿಪ್ ಒರಿಯೊಪೌಲಸ್ 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸುಮಾರು 13 ಸಾವಿರ ಕಲ್ಪಿತ ರೆಸ್ಯೂಮೆಗಳನ್ನು ನಿಜವಾದ ಉದ್ಯೋಗ ಜಾಹೀರಾತುಗಳಿಗೆ ಕಳಿಸಿ ಯಾರಿಗೆ ಕರೆ ಬರುತ್ತದೆಂದು ನೋಡಿದರು. ಓದು, ಅನುಭವ ಎಲ್ಲ ಕೆನಡಾದ್ದೇ ಆಗಿದ್ದರೂ ಇಂಗ್ಲಿಷ್ ಹೆಸರಿನವರಿಗೆ ಭಾರತೀಯ, ಪಾಕಿಸ್ತಾನಿ, ಚೀನೀ ಹೆಸರಿನವರಿಗಿಂತ ಮೂರನೇ ಒಂದರಷ್ಟಾದರೂ ಹೆಚ್ಚು ಕರೆಗಳು ಬಂದವು. ಅನುಭವವೂ ಹೊರದೇಶದ್ದೇ ಆದರೆ ಅಂತರ ಇನ್ನೂ ದೊಡ್ಡದು. ಫೋಟೋ ತೆಗೆಸಿ, ಧರ್ಮ ಅಳಿಸಿ, ಅಪ್ಪನ ಹೆಸರು ಬಿಟ್ಟು ಕಾಗದವನ್ನು ಎಷ್ಟು ತೊಳೆದರೂ ಹೆಸರೊಂದು ಉಳಿದೇ ಉಳಿಯುತ್ತದೆ. ‘ಕೆನಡಾದ ಅನುಭವ’ ಬೇಕೆಂದು ಕೇಳುವುದು ಮೇಲ್ನೋಟಕ್ಕೇ ತಾರತಮ್ಯವೆಂದು ಒಂಟಾರಿಯೊದ ಮಾನವ ಹಕ್ಕುಗಳ ಆಯೋಗ 2013ರಲ್ಲಿ ಹೇಳಿತು. 25 ಮತ್ತು ಹೆಚ್ಚು ನೌಕರರಿರುವ ಸಂಸ್ಥೆಗಳು ಜಾಹೀರಾತಿನಲ್ಲಿ ಹಾಗೆ ಕೇಳಕೂಡದೆಂಬ ನಿಯಮ 2026ರ ಜನವರಿ 1ರಿಂದ ಜಾರಿಗೆ ಬಂದಿದೆ. ಅಡಿಕೆ ಬೆಳೆಯದ ಊರಿನವರನ್ನು ಅಡಿಕೆಯ ರೋಗ ನೋಡಲು ಹೆಬ್ಬಾಳ ಕರೆದುಕೊಂಡು ನೂರಾ ಹದಿನೆಂಟು ವರ್ಷಗಳ ನಂತರ.

ಹೆಸರಿನ ವಿಷಯಕ್ಕೆ ನಮ್ಮದೇ ಒಂದು ತೊಡಕಿದೆ. ಹಳೆಯ ಮೈಸೂರಿನ ಕಡೆ ಮನೆತನದ ಹೆಸರಿಟ್ಟುಕೊಳ್ಳುವ ರೂಢಿ ಕಡಿಮೆ. ಹೆಸರಿನ ಮುಂದೆ ಊರಿನ ಒಂದಕ್ಷರ, ತಂದೆಯ ಒಂದಕ್ಷರ. ವಿಶ್ವೇಶ್ವರಯ್ಯನವರ ‘ಎಂ’ ಮೋಕ್ಷಗುಂಡಂ. ‘ಡಿವಿಜಿ’ಯ ಮೊದಲ ಅಕ್ಷರ ದೇವನಹಳ್ಳಿ. ಅದೇ ದೇವನಹಳ್ಳಿಯ ಬಳಿ 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ತೆರೆಯಿತು. ಯಲಹಂಕದ ಸಮೀಪ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವನ್ನು ಕಟ್ಟಿದ, ಅಮೆರಿಕದ ಪರ್ಡ್ಯೂನಲ್ಲಿ 1958ರಲ್ಲಿ ಡಾಕ್ಟರೇಟ್ ಪಡೆದ ಸಿ.ಎನ್.ಆರ್. ರಾವ್ ಅವರ ‘ಸಿ’ ಚಿಂತಾಮಣಿ. ಊರು ಬಿಟ್ಟರೂ ಊರು ಹೆಸರಿನ ತಲೆಯ ಮೇಲೆ ಕೂತಿರಲಿ ಎಂಬುದು ನಮ್ಮ ಹಿರಿಯರ ಲೆಕ್ಕ.

ಹೊರದೇಶದ ಅರ್ಜಿಗೆ ಈ ಲೆಕ್ಕ ಹಿಡಿಸುವುದಿಲ್ಲ. ಅಲ್ಲಿ ಎರಡು ಚೌಕಗಳು: ಕೊಟ್ಟ ಹೆಸರು, ಮನೆತನದ ಹೆಸರು. ನಮ್ಮ ಪಾಸ್‌ಪೋರ್ಟಿನಲ್ಲಿ ಬರಿಯ ಅಕ್ಷರ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಕ್ಷರ, ಪಾಸ್‌ಪೋರ್ಟಿನಲ್ಲಿ ಬಿಡಿಸಿದ ಹೆಸರು, ಪದವಿ ಪ್ರಮಾಣಪತ್ರದಲ್ಲಿ ಇನ್ನೊಂದು ಕಾಗುಣಿತ. ಮೂರೂ ನಿಜ, ಆದರೆ ಹೊರಗಿನ ಗುಮಾಸ್ತನಿಗೆ ಇವರು ಮೂರು ಜನ. ಮನೆತನದ ಹೆಸರಿನ ಜಾಗ ಖಾಲಿ ಬಿಟ್ಟು ಅಮೆರಿಕಕ್ಕೆ ಹೋದವರ ಪೂರ್ತಿ ಹೆಸರು ವೀಸಾದಲ್ಲಿ ಮನೆತನದ ಚೌಕಕ್ಕೆ ಜಾರಿ, ಸ್ವಂತ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಬರುತ್ತದೆ. ಮೊದಲ ಹೆಸರು ತಿಳಿಯದು ಎಂದು ಅದರ ಅರ್ಥ. ಒಂದೇ ಪದದ ಹೆಸರಿರುವವರಿಗೆ ಸಂದರ್ಶಕ ವೀಸಾದಲ್ಲಿ ಪ್ರವೇಶವಿಲ್ಲವೆಂದು ಯುಎಇ 2022ರ ನವೆಂಬರಿನಲ್ಲಿ ಹೇಳಿದಾಗ ಎಷ್ಟೋ ಮಂದಿ ತಬ್ಬಿಬ್ಬಾದರು. ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಹೆಸರಿದ್ದರೆ ಸಾಕು ಎಂದು ಆಮೇಲೆ ಸ್ಪಷ್ಟನೆ ಬಂತು. ದುಬೈಗೆ ಅಪ್ಪನ ಹೆಸರು ಬೇಕೇ ಬೇಕು ಎಂದಂತಾಯಿತು.

ಕೆನಡಾಕ್ಕಾಗಿ ಮಾಡಿದ ಪುಟದಲ್ಲಿ ಅಂಗಡಿಯವರು ಕೊನೆಗೆ ಮಾಡಿದ್ದೂ ಅದನ್ನೇ. ‘ತಂದೆಯ ಹೆಸರು’ ಎಂಬ ಸಾಲನ್ನು ಅಳಿಸಿದರು. ಆಮೇಲೆ ಪಾಸ್‌ಪೋರ್ಟ್ ನೋಡಿ, ಹುಡುಗನ ಹೆಸರಿನ ಪಕ್ಕದಲ್ಲಿ ಅಪ್ಪನ ಹೆಸರನ್ನು ಮನೆತನದ ಹೆಸರಾಗಿ ಟೈಪ್ ಮಾಡಿದರು. ಊರಿನ ಅಕ್ಷರ ಹೋಯಿತು. ಟೊರಾಂಟೊದ ಸುತ್ತಮುತ್ತ, ಸಾನ್ ಹೊಸೆಯಲ್ಲಿ, ಲಂಡನ್ನಿನಲ್ಲಿ ಇವತ್ತು ಶಾಲೆಗೆ ಹೋಗುತ್ತಿರುವ ಎಷ್ಟೋ ಕನ್ನಡದ ಮಕ್ಕಳ ಮನೆತನದ ಹೆಸರು ಹೀಗೆ ಹುಟ್ಟಿದ್ದು. ರಂಗಪ್ಪ, ನಂಜುಂಡಯ್ಯ, ಕೆಂಪಣ್ಣ. ಹಾಜರಿ ಕರೆಯುವ ಟೀಚರಿಗೆ ಅದೊಂದು ಸರ್‌ನೇಮು. ಮಗುವಿಗೆ ಅದು ತುಮಕೂರಿನಲ್ಲೋ ಮಾಗಡಿಯಲ್ಲೋ ಇರುವ ಅಜ್ಜನ ಹೆಸರು.